ಎರವಲು ಜಾಕ್

ಮುಲುಂಡಿನ ಒಂದು ಹೌಸಿಂಗ್ ಸೊಸೈಟಿ ಎಂದಿಟ್ಟುಕೊಳ್ಳಿ. ಘಾಟ್ಕೋಪರ್ ಎಂದರೂ ಬೊರಿವಲಿ ಎಂದರೂ ಏನೂ ಬದಲಾಗದು. ಈ ಪ್ರಕರಣವನ್ನು ನಾನು ವಾದಕ್ಕೆಂದೇ ಕಟ್ಟಿಕೊಂಡಿದ್ದೇನೆ. ಆದರೆ ಇದರ ಒಂದೊಂದು ತುಂಡೂ ಮುಂಬಯಿಯ ಯಾವ ಕಂಪೌಂಡಿನಲ್ಲಿ ಬೇಕಾದರೂ, ಯಾವ ಭಾನುವಾರ ಬೇಕಾದರೂ ಸಿಗುತ್ತದೆ.

ಬಿ ವಿಂಗಿನಲ್ಲಿ ಒಬ್ಬ ಹಿರಿಯರು. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ತಮ್ಮ ಹಳೆಯ ವ್ಯಾಗನ್‌ಆರ್‌ನ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರು. ಅವರ ಬಳಿ ಎರಡು ಟನ್ನಿನ ಟ್ರಾಲಿ ಜಾಕ್ ಇದೆ, ಒಂದು ಜೋಡಿ ಸ್ಟ್ಯಾಂಡೂ ಇದೆ. ಜಾಕಿಗೆ ವಯಸ್ಸಾಗಿದೆ. ಕಾರು ಎತ್ತಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಒಂದೆರಡು ಬೆರಳಿನಷ್ಟು ಇಳಿಯುತ್ತದೆ. ಅವರಿಗೆ ಅದು ಗೊತ್ತು. ಗೊತ್ತಿದ್ದೂ ತಲೆಕೆಡಿಸಿಕೊಂಡಿಲ್ಲ, ಏಕೆಂದರೆ ಎತ್ತಿದ ಕೂಡಲೇ ಅವರು ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿಬಿಡುತ್ತಾರೆ.

ಎ ವಿಂಗಿನಲ್ಲಿ ಹುಬ್ಬಳ್ಳಿಯ ಯುವಕ. ಜುಲೈ ತಿಂಗಳ ಮಳೆ. ಆಫೀಸಿನಿಂದ ಬರುವಾಗ ಅಂಧೇರಿ ಸಬ್‌ವೇಯ ನೀರಿನಲ್ಲಿ ಕಾರು ನುಗ್ಗಿಸಿದ್ದಾನೆ. ಎಂಜಿನ್ನಿನ ಅಡಿಯ ಪ್ಲಾಸ್ಟಿಕ್ ಕವರು ಒಂದು ಬದಿಯ ಕ್ಲಿಪ್ಪು ಕಿತ್ತುಕೊಂಡು ರಸ್ತೆಗೆ ಉಜ್ಜುತ್ತಿದೆ.

“ಅಂಕಲ್, ನಿಮ್ಮ ಜಾಕ್ ಸ್ವಲ್ಪ ಬೇಕಾಗಿತ್ರಿ.”

“ಕೊಂಡೋಗಿ ಮಾರಾಯ್ರೆ. ಸ್ಟ್ಯಾಂಡೂ ಉಂಟು, ಬೇಕಾ?”

“ಬ್ಯಾಡ್ರಿ ಅಂಕಲ್, ಐದು ಮಿನಿಟಿನ ಕೆಲಸ.”

ಹಿರಿಯರು ಸುಮ್ಮನಾದರು. ಸ್ಟ್ಯಾಂಡುಗಳು ಅಟ್ಟದ ಮೇಲಿದ್ದವು, ಇಳಿಸುವುದೂ ಒಂದು ಕೆಲಸವೇ.

ಯುವಕ ಕಾರಿನ ಮುಂಭಾಗವನ್ನು ಎತ್ತಿದ. ಆದರೆ ಕೆಳಗೆ ಹೋದವನು ಅವನಲ್ಲ. ಬೆಳಿಗ್ಗೆ ಸೊಸೈಟಿಯ ಕಾರುಗಳನ್ನು ತೊಳೆಯುವ ಹುಡುಗ ಬಕೆಟ್ಟು ಹಿಡಿದು ಅಲ್ಲೇ ಇದ್ದ. “ಜರಾ ನೀಚೆ ಜಾಕೆ ಕ್ಲಿಪ್ ಲಗಾ ದೇ,” ಎಂದ ಯುವಕ. ಹುಡುಗ ಬೆನ್ನಡಿಯಾಗಿ ಜಾರಿಕೊಂಡು ಒಳಗೆ ಹೋದ. ಕ್ಲಿಪ್ಪು ಕೈಯಲ್ಲೇ ಮುರಿಯಿತು. ಕಟ್ಟಲು ವೈರು ಏನಾದರೂ ಸಿಕ್ಕೀತೆಂದು ಹೊರಗೆ ಬಂದು ವಾಚ್‌ಮನ್ನನ ಕ್ಯಾಬಿನ್ನಿಗೆ ನಡೆದ. ಅವನು ಹಿಂತಿರುಗುವಷ್ಟರಲ್ಲಿ ಜಾಕ್ ಇಳಿದು, ಓರೆಯಾಗಿ, ಜಾರಿತ್ತು. ಕಾರು ಧಡ್ಡನೆ ಕೂತಿತ್ತು. ಬಾಗಿಲಿನ ಕೆಳಗಿನ ತಗಡು ನೆಗ್ಗಿತ್ತು. ನೋಡಿದವರೆಲ್ಲ “ಬಚ್ ಗಯಾ” ಎಂದರು. ಯುವಕ ತಗಡಿನ ಖರ್ಚು ಲೆಕ್ಕ ಹಾಕಿದ. ಪ್ರಕರಣ ಮುಗಿಯಿತು.

ಲೋಕ ಫೈಲು ಮುಚ್ಚಿದ ಜಾಗದಲ್ಲೇ ನನಗೆ ಸಂಶಯ ಹುಟ್ಟುತ್ತದೆ. ಕ್ಲಿಪ್ಪು ಮುರಿಯದೆ ಹುಡುಗ ಇನ್ನೆರಡು ನಿಮಿಷ ಅಲ್ಲೇ ಇದ್ದಿದ್ದರೆ ಪೊಲೀಸರು ಬರುತ್ತಿದ್ದರು. ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, ಎಂದು ಬರೆದುಕೊಳ್ಳುತ್ತಿದ್ದರು. ಎರಡೂ ಸಂದರ್ಭದಲ್ಲಿ ಈ ಇಬ್ಬರು ಗೃಹಸ್ಥರು ಮಾಡಿದ್ದು ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಡುವೆ ಇದ್ದದ್ದು ಎರಡು ರೂಪಾಯಿಯ ಒಂದು ಪ್ಲಾಸ್ಟಿಕ್ ಕ್ಲಿಪ್ಪು. ತಪ್ಪು ಕ್ಲಿಪ್ಪಿನ ಗಟ್ಟಿತನದಿಂದ ತೀರ್ಮಾನವಾಗುವುದನ್ನು ನಾನು ಒಪ್ಪಲಾರೆ.

ಹಾಗಾದರೆ ಯಾರದು? ಎರವಲು ಕೊಟ್ಟವರಿಂದ ಶುರುಮಾಡೋಣ, ಏಕೆಂದರೆ ಒಳ್ಳೆಯ ಮನುಷ್ಯನ ತಪ್ಪು ಯಾವಾಗಲೂ ಹೆಚ್ಚು ಕುತೂಹಲದ್ದು.

1872ರ ಭಾರತೀಯ ಕರಾರು ಕಾಯ್ದೆಯಲ್ಲಿ 150ನೇ ಕಲಮು ಎಂದೊಂದಿದೆ. ಬಳಸಲು ಇನ್ನೊಬ್ಬರಿಗೆ ವಸ್ತು ಕೊಡುವವರು, ಅದರಲ್ಲಿ ತಮಗೆ ಗೊತ್ತಿರುವ ಅಪಾಯಕಾರಿ ದೋಷವನ್ನು ಹೇಳಿಯೇ ಕೊಡಬೇಕು. ಹೇಳದಿದ್ದರೆ, ಆ ದೋಷದಿಂದ ಪಡೆದವರಿಗೆ ನೇರವಾಗಿ ಆದ ಹಾನಿಗೆ ಅವರೇ ಹೊಣೆ. ಕಾಯ್ದೆ ಕೊಡುವ ಉದಾಹರಣೆ ಕುದುರೆಯದು: ಪುಂಡ ಕುದುರೆ ಎಂದು ತಿಳಿದಿದ್ದೂ ಹೇಳದೆ ಎರವಲು ಕೊಟ್ಟ, ಕುದುರೆ ಓಡಿತು, ಸವಾರ ಬಿದ್ದ, ಹೊಣೆ ಕೊಟ್ಟವನದು. ಬಾಡಿಗೆಗೆ ಕೊಟ್ಟಿದ್ದರೆ ಹೊಣೆ ಇನ್ನೂ ಬಿಗಿ. ದೋಷ ಗೊತ್ತಿರಲಿಲ್ಲ ಎಂಬ ಮಾತೂ ಆಗ ನಡೆಯದು. ಅಂದರೆ ನಮ್ಮ ಹಿರಿಯರು ಜಾಕಿಗೆ ಹತ್ತು ರೂಪಾಯಿ ಬಾಡಿಗೆ ಇಸಕೊಂಡಿದ್ದರೆ ಕಾನೂನು ಅವರನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತಿತ್ತು. ಇದರಲ್ಲಿ ವಿವೇಕವಿದೆ. ಪುಕ್ಕಟೆ ಕೊಡುವವರ ಮೇಲೆ ತಪಾಸಣೆಯ ಭಾರ ಹೊರಿಸಿದರೆ ನೆರೆಯವರಿಗೆ ಏಣಿಯನ್ನೂ ಯಾರೂ ಕೊಡಲಾರರು. ಆದರೆ ಗೊತ್ತಿದ್ದದ್ದನ್ನು ಹೇಳುವ ಭಾರದಿಂದ ಪುಕ್ಕಟೆ ಕೊಟ್ಟವರಿಗೂ ಬಿಡುಗಡೆಯಿಲ್ಲ.

ಹಿರಿಯರು ಸ್ಟ್ಯಾಂಡ್ ಬೇಕಾ ಎಂದು ಕೇಳಿದರಲ್ಲ? ಕೇಳಿದರು, ಹೊರಟು ನಿಂತ ನೆಂಟರನ್ನು “ಊಟ ಮಾಡ್ತೀರಾ” ಎಂದು ಕೇಳಿದ ಹಾಗೆ. ಬೇಡ ಎನ್ನಲೆಂದೇ ಕೇಳುವ ಪ್ರಶ್ನೆ ಅದು. ಹೇಳಬೇಕಾಗಿದ್ದ ಮಾತು ಬೇರೆ: “ಇದು ನಿಲ್ಲುವುದಿಲ್ಲ, ಇಳಿಯುತ್ತದೆ. ಸ್ಟ್ಯಾಂಡ್ ಇಲ್ಲದೆ ಒಯ್ಯುವುದಾದರೆ ಕೊಡುವುದಿಲ್ಲ.” ಇದನ್ನು ಹೇಳಲು ಅವರಿಗೆ ಸಂಕೋಚ. ಹಳೆಯ ಜಾಕ್ ಇಟ್ಟುಕೊಂಡಿದ್ದಾರೆ ಎಂದಾಗುತ್ತದೆ, ಜಿಪುಣ ಎಂದಾಗುತ್ತದೆ, ಯುವಕನಿಗೆ ಬುದ್ಧಿ ಹೇಳಿದಂತಾಗುತ್ತದೆ. ನಮ್ಮಲ್ಲಿ ಎಷ್ಟೋ ಅಪಾಯಗಳು ಸೌಜನ್ಯದ ಬಾಗಿಲಿನಿಂದಲೇ ಒಳಗೆ ಬರುತ್ತವೆ.

ದೋಷದ ಸ್ವರೂಪವನ್ನೂ ಸ್ವಲ್ಪ ನೋಡಬೇಕು. ಅದು ತಿಳಿಯದೆ ಯಾರನ್ನೂ ತೂಗಲಾಗದು. ಕಾರಿನ ಜೊತೆ ಕಂಪನಿ ಕೊಡುವ ಕತ್ತರಿ ಜಾಕ್‌ನಲ್ಲಿ ಭಾರ ನಿಲ್ಲುವುದು ಸ್ಕ್ರೂವಿನ ಮೇಲೆ. ಅದರ ಎಳೆಗಳ ಏರು ತೀರ ಕಡಿಮೆ, ಘರ್ಷಣೆಯೇ ಹಿಡಿದಿಡುತ್ತದೆ, ತಿರುಗಿಸದೆ ತಾನಾಗಿ ಇಳಿಯದು. ಅದರ ದೌರ್ಬಲ್ಯವೆಲ್ಲ ತಳದಲ್ಲಿ. ಅಂಗೈಯಗಲದ ಪಾದ, ಅದರ ಮೇಲೆ ಎತ್ತರದ ಕಾಲು, ಒರಗಿತೆಂದರೆ ಮುಗಿಯಿತು. ಸ್ಟೆಪ್ನಿ ಬದಲಾಯಿಸಲು ಮಾತ್ರ ಇದು, ಇದರ ಮೇಲಿರುವ ಕಾರಿನ ಕೆಳಗೆ ಹೋಗಬೇಡಿ ಎಂದು ಕಾರಿನ ಮ್ಯಾನ್ಯುಯಲ್ಲಿನಲ್ಲೇ ಬರೆದಿರುತ್ತದೆ. ಟ್ರಾಲಿ ಜಾಕ್ ಇದಕ್ಕೆ ತದ್ವಿರುದ್ಧ. ತಳ ಅಗಲ, ಆದರೆ ಭಾರ ನಿಂತಿರುವುದು ಎಣ್ಣೆಯ ಮೇಲೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದಂದಿನಿಂದ ತತ್ವ ಅದೇ: ಸಣ್ಣ ಪಿಸ್ಟನ್ನನ್ನು ಒತ್ತಿದ ಬಲ ದ್ರವದ ಮೂಲಕ ದೊಡ್ಡ ಪಿಸ್ಟನ್ನಿಗೆ ತಲುಪಿ ಹಲವು ಪಟ್ಟಾಗುತ್ತದೆ. ಅಂದಿನಿಂದ ಇಂದಿನವರೆಗೆ ತಲೆನೋವೂ ಅದೇ, ಸೋರಿಕೆ. ಒಂದು ಪುಟ್ಟ ಉಕ್ಕಿನ ಗುಂಡು, ಒಂದು ರಬ್ಬರ್ ಸೀಲು, ಇವೆರಡು ಸೇರಿ ಎಣ್ಣೆಯನ್ನು ತಡೆದಿರುತ್ತವೆ. ಗುಂಡಿನ ಕೆಳಗೆ ಒಂದು ಕಣ ಕಸ ಸಿಕ್ಕಿದರೂ ಸಾಕು, ಸೀಲು ಸವೆದರೂ ಸಾಕು, ಕಾರು ಇಳಿಯತೊಡಗುತ್ತದೆ. ಹೊಸ ಜಾಕ್ ಈ ನಿಯಮಕ್ಕೆ ಹೊರತಲ್ಲ, ಅದರ ಸರದಿ ಇನ್ನೂ ಬಂದಿಲ್ಲ ಅಷ್ಟೆ. ಜಾಕ್ ಎತ್ತುವುದಕ್ಕೆ, ಹೊರುವುದಕ್ಕೆ ಸ್ಟ್ಯಾಂಡ್. ಗ್ಯಾರೇಜಿನವರಿಗೆ ಇದು ಗೊತ್ತು, ಅಂಗಡಿಯವನಿಗೂ ಗೊತ್ತು. ಆದರೂ ಎರಡನ್ನೂ ಬೇರೆ ಬೇರೆ ಮಾರಲಾಗುತ್ತದೆ, ಕೊಳ್ಳುವವರು ಮೊದಲನೆಯದನ್ನು ಕೊಂಡು ತೃಪ್ತರಾಗುತ್ತಾರೆ.

ಮುಂಬಯಿಯ ನೆಲ ತನ್ನದೇ ಒಂದು ಪಾಲು ಸೇರಿಸುತ್ತದೆ. ಟ್ರಾಲಿ ಜಾಕ್‌ನ ತೋಳು ನೇರವಾಗಿ ಮೇಲೇಳುವುದಿಲ್ಲ, ಕಮಾನಿನ ದಾರಿಯಲ್ಲಿ ಏಳುತ್ತದೆ. ತುದಿಯ ಬಟ್ಟಲು ಮೇಲೇರುತ್ತ ಅಡ್ಡಕ್ಕೂ ಸರಿಯುತ್ತದೆ, ಅದನ್ನು ಸರಿದೂಗಿಸಲು ಇಡೀ ಜಾಕ್ ತನ್ನ ಚಕ್ರಗಳ ಮೇಲೆ ಕಾರಿನಡಿಗೆ ಉರುಳಬೇಕು. ನಯವಾದ ಸಿಮೆಂಟ್ ನೆಲದಲ್ಲಿ ಉರುಳುತ್ತದೆ. ನಮ್ಮ ಸೊಸೈಟಿಗಳ ಕಂಪೌಂಡಿಗೆಲ್ಲ ಹಾಸಿರುವ ಪೇವರ್ ಬ್ಲಾಕ್‌ಗಳ ಸಂದಿಯಲ್ಲಿ ಆ ಪುಟ್ಟ ಕಬ್ಬಿಣದ ಚಕ್ರ ಸಿಕ್ಕಿಕೊಳ್ಳುತ್ತದೆ. ಆಗ ಜಾಕ್ ನಿಂತಲ್ಲೇ ನಿಂತು ಬಟ್ಟಲು ಕಾರಿನ ಅಂಚಿನಿಂದ ಜಾರುತ್ತದೆ, ಇಲ್ಲವೇ ಕಾರನ್ನೇ ತನ್ನ ಕಡೆಗೆ ಎಳೆಯುತ್ತದೆ. ಮಳೆಗಾಲದಲ್ಲಿ ಬ್ಲಾಕ್‌ಗಳ ಅಡಿಯ ಮರಳು ಕೊಚ್ಚಿಹೋಗಿ ಒಂದೊಂದು ಬ್ಲಾಕ್ ಒಂದೊಂದು ದಿಕ್ಕಿಗೆ ವಾಲಿರುವುದು ಬೇರೆ. ಸ್ಟಿಲ್ಟ್ ಪಾರ್ಕಿಂಗಿನ ಸಿಮೆಂಟ್ ನೆಲ ಮೇಲೆಂದರೆ ಅದಕ್ಕೂ ಮೋರಿಯ ಕಡೆಗೊಂದು ಇಳಿಜಾರು. ದಪ್ಪ ಪ್ಲೈವುಡ್ ಹಲಗೆ ಹಾಸಿದರೆ ಭಾರ ಹಂಚುತ್ತದೆ, ಚಕ್ರವೂ ಉರುಳುತ್ತದೆ. ಇಳಿಜಾರಿಗೆ ಮಾತ್ರ ಮದ್ದಿಲ್ಲ, ಜಾಗ ಬದಲಿಸಬೇಕು. ಇನ್ನು ಕಡಲ ಗಾಳಿ ಮತ್ತು ಉಪ್ಪು. ಹಳೆಯ ಕಾರಿನ ಬಾಗಿಲಡಿಯ ತಗಡು ಹೊರಗೆ ಬಣ್ಣ ಹೊತ್ತು ಒಳಗೆ ತುಕ್ಕಾಗಿರುತ್ತದೆ, ಜಾಕ್ ಅದರೊಳಕ್ಕೇ ತೂರುತ್ತದೆ.

ಎರವಲು ಒಯ್ದ ಯುವಕನ ವಿಷಯಕ್ಕೆ ಬರೋಣ. ಅವನಿಗೆ ಜಾಕ್ ಇಳಿಯುವುದು ಗೊತ್ತಿರಲಿಲ್ಲ, ಆದ್ದರಿಂದ ಅವನು ಮುಗ್ಧ ಎಂದು ವಾದಿಸಬಹುದು. ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ನೀನೇ ಏಕೆ ಹೋಗಲಿಲ್ಲ? ಬಟ್ಟೆ ಕೊಳೆಯಾಗುತ್ತದೆ ಎಂದರೆ ಅದು ಸೋಮಾರಿತನ, ಬಿಟ್ಟುಬಿಡೋಣ. ಭಯವಾಯಿತು ಎಂದರೆ ಅಪಾಯ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಇನ್ನೊಬ್ಬನನ್ನು ಕಳಿಸಿದ. ಹೆಚ್ಚಿನವರು ಈ ಎರಡೂ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆ ತಮ್ಮೊಳಗೆ ಹುಟ್ಟದ ಹಾಗೆ ನೋಡಿಕೊಳ್ಳುತ್ತಾರೆ. ಸೊಂಟಕ್ಕೆ ಸಣ್ಣ ನೋವಿದೆ, ಹುಡುಗ ಚುರುಕಾಗಿದ್ದಾನೆ, ಹತ್ತಿರವೇ ಇದ್ದಾನೆ.

ಹಿಂದೆ ಹೀಗಿರಲಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಈ ನಗರದ ಟ್ಯಾಕ್ಸಿಯಾಗಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಆ ದಿನಗಳ ಬಗ್ಗೆ ನನಗೆ ಹಂಬಲವೇನಿಲ್ಲ, ಆ ಕಾರಿನ ಗೇರು ಹಾಕುವುದೇ ಒಂದು ವ್ಯಾಯಾಮವಾಗಿತ್ತು. ಆದರೆ ಸ್ವಂತ ಟ್ಯಾಕ್ಸಿಯ ಚಾಲಕ ರಸ್ತೆ ಬದಿಯಲ್ಲಿ ಜಾಕ್ ಹಾಕಿದರೆ ಕೆಳಗೆ ಹೋಗುತ್ತಿದ್ದವನೂ ಸಾಮಾನ್ಯವಾಗಿ ಅವನೇ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಬಿಡಿಭಾಗಗಳ ಸಾಲಿನಲ್ಲಿ ಜಾಕ್ ಆರಿಸುವಾಗ ಅವನು ತನ್ನ ಎದೆಗೂಡಿಗೆಂದೇ ಆರಿಸುತ್ತಿದ್ದ. ಇಂದು ಸೊಸೈಟಿಯಲ್ಲಿ ಕೊಳ್ಳುವವನೊಬ್ಬ, ಎರವಲು ಒಯ್ಯುವವನೊಬ್ಬ, ಮಲಗುವವನು ಮತ್ತೊಬ್ಬ. ಆರಿಸುವ ಕಣ್ಣಿಗೂ ಅಪಾಯಕ್ಕೊಡ್ಡಿದ ಮೈಗೂ ಸಂಬಂಧವೇ ಉಳಿದಿಲ್ಲ. ‘ಮನೆ ಬಳಕೆಯ ಜಾಕ್’ ಎನ್ನುವಾಗ ಆ ಮನೆ ಯಾರದು ಎಂದು ನಾವು ಕೇಳುವುದಿಲ್ಲ.

ಹುಡುಗನ ತಪ್ಪೂ ಇದೆಯಲ್ಲವೇ, ಯಾಕೆ ಹೋದ ಎನ್ನುವವರಿದ್ದಾರೆ. ಅವನಿಗೆ ಸಿಗುವುದು ಕಾರಿಗೆ ತಿಂಗಳಿಗಿಷ್ಟು ಎಂದು. ಸಾಹೇಬರು ಆಫೀಸಿಗೆ ಹೊರಡುವ ಮುಂಚೆ ಸಾಲು ಕಾರುಗಳು ಮುಗಿಯಬೇಕು. “ಸ್ಟ್ಯಾಂಡ್ ಇಡದೆ ಹೋಗುವುದಿಲ್ಲ” ಎಂದರೆ ಆ ಕಾರು ಮುಂದಿನ ತಿಂಗಳು ಬೇರೆಯವನ ಪಾಲು. ಹೋಗದಿರುವ ಸ್ವಾತಂತ್ರ್ಯ ಇಲ್ಲದವನಿಗೆ ಹೋದ ತಪ್ಪು ಹೊರಿಸುವುದು ನನಗೆ ಸರಿಕಾಣದು.

ಪ್ರಕರಣಕ್ಕೆ ಎರಡನೆಯ ಭಾಗವೂ ಇದೆ. ಯುವಕನಿಗೆ ಹೇಗೋ ಮುಜುಗರವಾಗಿ ಸ್ವಂತ ಜಾಕ್ ಕೊಳ್ಳುತ್ತೇನೆಂದ. ಹಿರಿಯರಿಗೂ ಮನಸ್ಸಿನಲ್ಲಿ ಮುಳ್ಳಿತ್ತು. ಇಬ್ಬರೂ ಮಸ್ಜಿದ್ ಬಂದರಿನಲ್ಲಿ ಇಳಿದು ನಾಗದೇವಿ ಬೀದಿಯ ಹತ್ಯಾರುಗಳ ಅಂಗಡಿಸಾಲಿಗೆ ಹೋದರು.

ಯುವಕನ ಕಣ್ಣು ನೇರ ಮೂರು ಟನ್ ಎಂದು ಬರೆದ ಡಬ್ಬಿಯ ಮೇಲೆ. ಟನ್ ಹೆಚ್ಚಾದಷ್ಟೂ ಕ್ಷೇಮ ಎಂಬುದು ಎಲ್ಲರ ನಂಬಿಕೆ. ಅವನ ಕಾರಿನ ಒಟ್ಟು ತೂಕವೇ ಒಂದು ಟನ್ನಿನ ಆಸುಪಾಸು, ಒಂದು ಚಕ್ರ ಎತ್ತುವಾಗ ಜಾಕಿನ ಪಾಲಿಗೆ ಬರುವುದು ಅದರಲ್ಲೊಂದು ತುಂಡು ಮಾತ್ರ. ಇನ್ನೋವಾದಂಥ ದೊಡ್ಡ ಗಾಡಿಗೆ ಮೂರು ಟನ್ ಇರಲಿ, ಇವನಿಗೆ ಎರಡು ಧಾರಾಳ. ಹಿರಿಯರು ನೋಡಿದ್ದು ಎತ್ತರ. ಪೂರ್ತಿ ಇಳಿದಾಗ ಜಾಕ್ ಟೈರು ಚಪ್ಪಟೆಯಾದ ಕಾರಿನ ಅಡಿಗೂ ತೂರಬೇಕು, ಪೂರ್ತಿ ಎತ್ತಿದಾಗ ಸ್ಟ್ಯಾಂಡಿನ ಕನಿಷ್ಠ ಎತ್ತರವನ್ನು ದಾಟಬೇಕು. ಅಗ್ಗದ ಸಣ್ಣ ಟ್ರಾಲಿ ಜಾಕ್‌ಗಳು 33 ಸೆಂಟಿಮೀಟರಿನ ಆಸುಪಾಸಿಗೆ ನಿಂತುಬಿಡುತ್ತವೆ, ಸ್ಟ್ಯಾಂಡಿನ ಕನಿಷ್ಠ ಎತ್ತರ ಹಲವು ಬಾರಿ 28 ಅಥವಾ 30. ಉಳಿಯುವ ಅಂತರ ಎರಡು ಮೂರು ಬೆರಳು. ಆ ಕೊರತೆ ತುಂಬಲು ಜನ ಜಾಕಿನ ಬಟ್ಟಲ ಮೇಲೆ ಮರದ ತುಂಡು ಪೇರಿಸುತ್ತಾರೆ, ಅನರ್ಥ ಅಲ್ಲಿಂದ ಶುರು. ಆದ್ದರಿಂದ ಜಾಕನ್ನೂ ಸ್ಟ್ಯಾಂಡನ್ನೂ ಒಟ್ಟಿಗೆ ಅಳೆದು, ಒಟ್ಟಿಗೇ ಕೊಳ್ಳಬೇಕು. ಇನ್ನೊಂದು ತೊಡಕು: ಬಾಗಿಲಡಿಯ ಗುರುತಿನ ಜಾಗಕ್ಕೆ ಜಾಕ್ ಕೊಟ್ಟರೆ ಸ್ಟ್ಯಾಂಡಿಗೆ ಜಾಗವೇ ಉಳಿಯದು. ಮಧ್ಯದ ಗಟ್ಟಿ ಅಡ್ಡಪಟ್ಟಿಯಿಂದ ಎತ್ತಿ, ಬದಿಯ ಗುರುತಿಗೆ ಸ್ಟ್ಯಾಂಡ್ ಕೊಡುವುದು ರೂಢಿ. ಆ ಪಟ್ಟಿ ಎಲ್ಲಿದೆ ಎಂದು ಮ್ಯಾನ್ಯುಯಲ್ ನೋಡಿಯೇ ತಿಳಿಯಬೇಕು, ಎಣ್ಣೆ ತೊಟ್ಟಿಗೆ ಜಾಕ್ ಕೊಟ್ಟವರೂ ಇದ್ದಾರೆ.

ಬಾಟಲಿ ಜಾಕ್ ತೋರಿಸಿದ ಅಂಗಡಿಯವನಿಗೆ ಹಿರಿಯರು ತಲೆಯಾಡಿಸಿದರು. ಟ್ರಕ್ಕಿಗೆ ಸರಿ. ಸಣ್ಣ ಕಾರಿನಡಿ ಅದು ನಿಲ್ಲುವುದೇ ಇಲ್ಲ, ನಿಂತರೂ ಅದರ ತುದಿ ತೀರ ಕಿರಿದು.

ಸ್ಟ್ಯಾಂಡಿನಲ್ಲಿ ಎರಡು ಬಗೆ. ಹಲ್ಲುಪಟ್ಟಿ ಮತ್ತು ಕೊಕ್ಕೆಯದೊಂದು, ತೂತಿಗೆ ಪಿನ್ನು ಹಾಕುವುದೊಂದು. ಯುವಕ ಮೊದಲನೆಯದನ್ನು ಹಿಡಿದ, ಸಲೀಸು. ಇಲ್ಲಿ ನಾನು ಮುಂಬಯಿ ಬಿಟ್ಟು ಸ್ವಲ್ಪ ಹೊರಗೆ ಹೋಗಬೇಕು. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಎಂಬ ದೊಡ್ಡ ಹತ್ಯಾರು ಮಾರಾಟ ಸಂಸ್ಥೆ ತನ್ನ ಪಿಟ್ಸ್‌ಬರ್ಗ್ ಹೆಸರಿನ ಮೂರು ಮತ್ತು ಆರು ಟನ್ನಿನ ಸ್ಟ್ಯಾಂಡುಗಳನ್ನು ವಾಪಸು ಕರೆಯಿತು, ಸುಮಾರು 17 ಲಕ್ಷ. ಕಾರ್ಖಾನೆಯ ಅಚ್ಚುಗಳು ಸವೆದು ಹಲ್ಲುಗಳು ಒಂದೇ ಸಮ ಬಂದಿರಲಿಲ್ಲ. ಕೊಕ್ಕೆ ಹಲ್ಲಿನೊಳಗೆ ಸಾಕಷ್ಟು ಆಳಕ್ಕೆ ಕೂರದೆ ಜಾರಬಹುದಿತ್ತು. ಅದೇ ವರ್ಷ ಜುಲೈನಲ್ಲಿ, ಬದಲಿಗೆ ಕೊಟ್ಟ ಸ್ಟ್ಯಾಂಡುಗಳ ಪೈಕಿ ಒಂದು ಮಾದರಿಯನ್ನೂ ಬೆಸುಗೆಯ ದೋಷಕ್ಕಾಗಿ ವಾಪಸು ಕರೆಯಬೇಕಾಯಿತು. ಅಂದರೆ ಎಲ್ಲ ನಿಯಮ ಪಾಲಿಸಿ, ಜಾಕನ್ನು ನಂಬದೆ, ಸ್ಟ್ಯಾಂಡ್ ಇಟ್ಟೇ ಕೆಳಗೆ ಹೋದವರಿಗೂ ಮೋಸವಾಗಿತ್ತು. ಈ ಸುದ್ದಿ ಓದಿದಾಗ, ಒಳ್ಳೆಯದನ್ನು ಕೊಂಡರೆ ಆಯಿತು ಎಂಬ ನನ್ನ ಅರ್ಧ ವಾದ ಕುಸಿಯಿತು. ಕೊಂಡದ್ದರ ಮೇಲೆ ಸಂಶಯ ಉಳಿಸಿಕೊಳ್ಳುವುದೂ ಕೊಳ್ಳುವುದರ ಭಾಗವೇ. ಪಿನ್ನು ತೂತಿನ ಆ ಬದಿಗೆ ಬಂದಿದೆಯೇ ಇಲ್ಲವೇ ಎಂದು ಕಣ್ಣಿಗೆ ಕಾಣುತ್ತದೆ, ಕೊಕ್ಕೆ ಹಲ್ಲಿನಲ್ಲಿ ಎಷ್ಟು ಕೂತಿದೆ ಎಂದು ಕಾಣುವುದಿಲ್ಲ. ಹಲ್ಲುಪಟ್ಟಿಯ ಜೊತೆಗೆ ಪಿನ್ನೂ ಇರುವಂಥದ್ದು ಸಿಕ್ಕರೆ ಬಿಡಬಾರದು. ತೆಗೆದ ಚಕ್ರವನ್ನೋ ಸ್ಟೆಪ್ನಿಯನ್ನೋ ಬಾಗಿಲಡಿಗೆ ಮಲಗಿಸಿದರೆ ಇನ್ನೊಂದು ಆಸರೆ, ಅದಕ್ಕೆ ಖರ್ಚೂ ಇಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ, ಅವು ಬಾಗುವುದಿಲ್ಲ, ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಹಿರಿಯರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ, ಇವೆಲ್ಲ ಮೊದಲೇ ಪೊಟ್ಟಣ ಕಟ್ಟಿ ಮಾರುವ ಮಾಲಿನ ಮೇಲೆ ಇರಬೇಕೆಂಬುದು 2011ರ ನಿಯಮ. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷದ ಮಾಲಿನಿಂದಾದ ಹಾನಿಗೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆಗಾರರನ್ನಾಗಿಸುತ್ತದೆ, ಅಪಾಯದ ಮಾಲನ್ನು ವಾಪಸು ಕರೆಸುವ ಅಧಿಕಾರವೂ ಅದರಡಿಯ ಪ್ರಾಧಿಕಾರಕ್ಕಿದೆ. ಆದರೆ ಹೆಸರೇ ಇಲ್ಲದ ಡಬ್ಬಿಯನ್ನು ಯಾರಿಗೆ ವಾಪಸು ಕರೆಸುವುದು? ಬಿಲ್ಲಿಲ್ಲದೆ ಕೊಂಡದ್ದನ್ನು ಯಾರ ಮುಂದೆ ಹಿಡಿಯುವುದು? “ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತಾನಂತ್ರಿ ಅಂಕಲ್,” ಎಂದ ಯುವಕ. “ಅವ ಕಮ್ಮಿ ಮಾಡುವುದು ಬೆಲೆಯನ್ನಲ್ಲ ಮಾರಾಯ್ರೆ,” ಎಂದರು ಹಿರಿಯರು. ಟನ್ನಿನ ಸಂಖ್ಯೆ ಒಂದು ಸ್ಟ್ಯಾಂಡಿಗೋ ಜೋಡಿಗೋ ಎಂಬುದನ್ನೂ ಅವರು ಕೇಳಿದರು. ಅಂಗಡಿಯವನು ಡಬ್ಬಿ ಓದಲು ಕನ್ನಡಕ ಹುಡುಕಿದ.

ಮುಂದಿನ ಭಾನುವಾರ ಮುಲುಂಡಿನಲ್ಲಿ ಕವರು ಕಟ್ಟುವ ಕೆಲಸ ಮತ್ತೆ. ಪೇವರ್ ಮೇಲೆ ಹಲಗೆ ಹಾಸಿದರು. ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದರು. “ಗೇರಿನಲ್ಲಿ ಇದೆಯಲ್ರಿ, ಸಾಲದೇನ್ರಿ?” ಎಂದ ಯುವಕನಿಗೆ ಹಿರಿಯರು ಸಮಾಧಾನದಿಂದ ಹೇಳಿದರು: ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು, ಅವು ನೆಲ ಬಿಟ್ಟ ಮೇಲೆ ಗೇರಿದ್ದರೆಷ್ಟು ಬಿಟ್ಟರೆಷ್ಟು. ಹಿಂದಿನದನ್ನು ಎತ್ತುವ ದಿನ ಹ್ಯಾಂಡ್‌ಬ್ರೇಕ್ ನೆಚ್ಚಬೇಡಿ, ಅದು ಹಿಡಿಯುವುದು ಹಿಂದಿನ ಚಕ್ರವನ್ನೇ.

ಎರಡೂ ಬದಿಗೆ ಸ್ಟ್ಯಾಂಡ್ ಕೂತಿತು. ಈ ಸಲ ಕೆಳಗೆ ಹೋಗಲು ಯುವಕ ತಾನೇ ಅಂಗಿ ಬಿಚ್ಚಿದ. ಹುಡುಗ ತಡೆದ. ಊರಲ್ಲಿ ಟ್ರ್ಯಾಕ್ಟರ್ ಕೆಲಸ ನೋಡಿದವನು ಅವನು. ಕಾರಿನ ಬದಿಗೆ ಬಂದು, ಬಾನೆಟ್ಟಿನ ಪಕ್ಕದ ತಗಡಿಗೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಹಾಕಿ ಒಮ್ಮೆ ನೂಕಿ ಅಲುಗಿಸಿದ. ಆ ಬದಿಗೆ ಹೋಗಿ ಇನ್ನೊಮ್ಮೆ ನೂಕಿದ. ಸ್ಟ್ಯಾಂಡುಗಳು ಕದಲಲಿಲ್ಲ.

“ಏ, ಪೇಂಟ್, ಪೇಂಟ್!” ಎಂದ ಯುವಕ.